ಗರಿಹುಳದ ಗಂಟು

17-8-1981, ಸೋಮವಾರ

ಈ ಡೈರಿಯನ್ನು ಅಡಿಕೆ ಮಂಡಿಯ ಸಾಹುಕಾರರು ಜನವರಿಯಲ್ಲಿ ಕೊಟ್ಟರು. ಎಂಟು ತಿಂಗಳು ಇದರ ಮೇಲೆ ಕಾಫಿ ಲೋಟ ಇಟ್ಟೆ. ಈಗ ಕಾಲು ಮುರಿದುಕೊಂಡು ಜಗಲಿಯಲ್ಲಿ ಬಿದ್ದಿದ್ದೇನೆ, ಲೋಟ ಎತ್ತಿಟ್ಟು ಬರೆಯುತ್ತಿದ್ದೇನೆ. ಯಾರಾದರೂ ಓದಿಯಾರು ಎಂಬ ಭಯವಿಲ್ಲ. ನಮ್ಮವಳಿಗೆ ಅಕ್ಷರ ಬಾರದು, ನಮಗೆ ಮಕ್ಕಳಿಲ್ಲ.

ಮೊದಲು ನನ್ನ ವಿಷಯ. ಹೆಸರು ಚಿಕ್ಕಮಾರಯ್ಯ. ಏಳನೇ ಕ್ಲಾಸು ಪಾಸು. ಎಂಟನೆಯದಕ್ಕೆ ಮೇಷ್ಟ್ರೇ 'ಸಾಕು ಹೋಗಪ್ಪ' ಎಂದರು. ಮಂಡಿಯಲ್ಲಿ ಮೂಟೆ ಹೊರುವವರ ಮೇಸ್ತ್ರಿ. ಗುಬ್ಬಿ ಕೆರೆಯಲ್ಲಿ ಗಾಳ ಹಾಕುವುದರಲ್ಲಿ ನನ್ನ ಸಮಾನ ಇನ್ನೊಬ್ಬನಿಲ್ಲ. ಒಬ್ಬನಿದ್ದ, ನಮ್ಮಪ್ಪ. ಅವನು ತೀರಿಕೊಂಡು ಹನ್ನೆರಡು ವರ್ಷವಾಯಿತು.

ಹೋದ ಸೋಮವಾರ ಕೆರೆ ತೂಬಿನ ಪಾಚಿಗಲ್ಲಿನ ಮೇಲೆ ಜಾರಿದೆ. ಮಾರುದ್ದದ ಕೊರವ ಮೀನು ಗಾಳ ಸಮೇತ ನನ್ನನ್ನು ಎಳೆದು ಕೆಡವಿತು ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜವಾಗಿ ಬೀಡಿ ಹಚ್ಚುತ್ತಿದ್ದೆ. ಡೈರಿಗೆ ಸುಳ್ಳು ಹೇಳಿ ಏನು ಬಂತು?

ಮೂಳೆ ಕಟ್ಟುವ ರಂಗಣ್ಣ ಬಿದಿರು ದಬ್ಬೆ ಇಟ್ಟು ಬಿಗಿದು, 'ಆರು ವಾರ ಕಾಲು ಊರ್ಬ್ಯಾಡ' ಎಂದಿದ್ದಾನೆ. ಚಿಂತೆ ಇರುವುದು ಅಲ್ಲೇ. ಇವತ್ತಿಗೆ ಸರಿಯಾಗಿ ಆರು ವಾರಕ್ಕೆ ಪಕ್ಷದ ಹಬ್ಬ. ಹಿರಿಯರಿಗೆ ಎಡೆ ಇಡುವ ದಿನ. ಅಪ್ಪನಿಗೆ ಕೊರವ ಮೀನಿನ ಸಾರು ಆಗಬೇಕು, ಅದೂ ಗಾಳದಲ್ಲಿ ಹಿಡಿದದ್ದು. ಬಲೆಯ ಮೀನು, ಸಂತೆಯ ಮೀನು ಅವನು ಬದುಕಿದ್ದಾಗಲೇ ಮುಟ್ಟಲಿಲ್ಲ. ಎಡೆಯ ಮುಂದೆ ನಿಂತು, ಯಾರು ಏನು ತಂದರು ಎಂದು ಕೂಗಿ ಹೇಳುವುದು ನಮ್ಮ ಮನೆಯ ಪದ್ಧತಿ. 'ಅಪ್ಪಾ, ನಿನ್ ಮಗ ಹಿಡ್ದಿರೋ ಮೀನು, ಉಣ್ಣು.' ಹನ್ನೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ.

23-8-1981, ಭಾನುವಾರ

ಅಕ್ಕನ ಮಗ ಗಂಗಹನುಮಯ್ಯ ಬಂದಿದ್ದ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಇಪ್ಪತ್ತೈದು ವಯಸ್ಸು. ತಲೆಯ ಮೇಲೊಂದು ಟೋಪಿ. ನನ್ನ ಕಾಲು ನೋಡುವುದಕ್ಕೆ ಬಂದವನು ಕಾಲು ನೋಡಿದ್ದು ಎರಡು ನಿಮಿಷ. ಆಮೇಲೆ ಸೀದಾ ಕೆರೆಗೆ ಹೋದ. ಹೋಗಿ ಮಧ್ಯಾಹ್ನಕ್ಕೆ ಎರಡು ಕೊರವ ಮೀನು ತಂದ. ನನ್ನ ಜಾಗದಿಂದ!

ಎರೆಹುಳ ಇಲ್ಲ, ಕಪ್ಪೆಮರಿ ಇಲ್ಲ. ಟೋಪಿಯ ಪಟ್ಟಿಗೆ ಚುಚ್ಚಿಕೊಂಡಿದ್ದ ಒಂದು ಪದಾರ್ಥ ತೆಗೆದು ತೋರಿಸಿದ. ಗಾಳದ ಬೆನ್ನಿಗೆ ಕೋಳಿಗರಿ, ಕುದುರೆ ಬಾಲದ ಕೂದಲು, ಬಣ್ಣದ ನೂಲು ಸುತ್ತಿ ಮಾಡಿದ ಹುಳ. ನೀರಿನ ಮೇಲೆ ಕುಣಿಸಿದರೆ ಮೀನು ಜೀವ ಇದೆ ಎಂದುಕೊಂಡು ಬಾಯಿ ಹಾಕುತ್ತದಂತೆ. ಫಾರಂನಲ್ಲಿದ್ದ ಹಳೆಯ ಕುದುರೆ ಡಾಕ್ಟರು ಕಲಿಸಿದರಂತೆ.

"ಇದ್ಕೆ ಫ್ಲೈ ಅಂತಾರೆ ಮಾವ. ನಾನೇ ಮನೇಲಿ ಕೂತ್ಕಂಡು ಕಟ್ಟಿದ್ದು."

"ನಾವೂ ಕಟ್ತಿದ್ವಿ ಕಣ್ಲಾ, ಚಿಕ್ಕವರಾಗಿದ್ದಾಗ," ಎಂದೆ. "ಗರಿಹುಳ ಅಂತಿದ್ವಿ. ಮಕ್ಕಳಾಟ ಅಂತ ಬುಟ್ಬುಟ್ವಿ."

ಆ ಹೆಸರು ಆಗ ತಾನೇ ಬಾಯಿಗೆ ಬಂದದ್ದು. ಹೆಸರು ಚೆನ್ನಾಗಿದೆ.

ಸಂಜೆ ಗೆಳೆಯ ಓಬಳಯ್ಯ ಬಂದು ಜಗಲಿ ಅಂಚಿಗೆ ಕೂತ. ಗಂಗನ ಕೈಚಳಕವನ್ನು ಕಥೆ ಮಾಡಿ ಹೇಳಿದ. ಏರಿಯ ಮೇಲೆ ನಲವತ್ತು ಜನ ಸೇರಿದ್ದರಂತೆ. "ನಿನ್ ಕಾಲ ಮುಗೀತು ಕಣ್ಲಾ ಮಾರ. ಎರಡರ್ಥದಾಗೂ!" ಎಂದು ನನ್ನ ದಬ್ಬೆಯ ಮೇಲೆ ತಟ್ಟಿ ನಕ್ಕ.

ಗಂಗ ತಂದ ಮೀನಿನ ಸಾರು ನಾನು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ನಮ್ಮವಳು ಮಜ್ಜಿಗೆ ಕೊಟ್ಟಳು.

24-8-1981

ನಲವತ್ತು ಜನ ಇರಲಾರರು. ಓಬಳಯ್ಯನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ.

27-8-1981, ಗುರುವಾರ

ತೀರ್ಮಾನ ಮಾಡಿದ್ದೇನೆ. ಗರಿಹುಳ ನಾನೇ ಕಟ್ಟುತ್ತೇನೆ. ಮೂವತ್ತು ವರ್ಷ ಮೂಟೆ ಹೊತ್ತ ಕೈಗೆ ಹಿಡಿಯಷ್ಟು ಗರಿ ಯಾವ ಲೆಕ್ಕ?

ಸಾಮಾನು ಕೂಡಿಸಿದ್ದನ್ನು ಬರೆದಿಡಬೇಕು. ಗಾಳಗಳು ಇದ್ದೇ ಇವೆ. ಕುದುರೆ ಕೂದಲನ್ನು ಗಂಗನ ಹತ್ತಿರ ಕೇಳಲು ಮನಸ್ಸು ಬರಲಿಲ್ಲ. ಜಟಕಾ ಗಾಡಿ ನಮ್ಮ ಮನೆಯ ಮುಂದೆ ನಿಂತಾಗ ಕೈ ಚಾಚಿ ನಾಲ್ಕು ಎಳೆ ಕಿತ್ತೆ. ಕುದುರೆ ಒದೆಯಿತು, ದಬ್ಬೆಗೆ ತಗಲಿತು, ರಂಗಣ್ಣನ ಕಟ್ಟು ಗಟ್ಟಿ. ಗರಿಗೆ ಪಕ್ಕದ ಮನೆಯ ವನಜಮ್ಮನ ಕೆಂಪು ಹುಂಜ. ರಾಗಿ ಕಾಳು ಎರಚಿ ಹತ್ತಿರ ಕರೆದು ಕತ್ತಿನ ಗರಿ ಕಿತ್ತುಕೊಂಡೆ. ಅದು ಊರು ಒಂದು ಮಾಡಿತು.

ವನಜಮ್ಮ ಓಡಿ ಬಂದಳು. "ರೇವಮ್ಮಾ, ನಿನ್ ಗಂಡಂಗೆ ಕಾಲು ಮುರ್ದಿರೋದಾ, ತಲೆ ಕೆಟ್ಟಿರೋದಾ? ನನ್ ಹುಂಜುನ್ನ ಬೋಳುಸ್ತಾವ್ನೆ!"

ಒಳಗೆ ಹೂ ಕಟ್ಟುತ್ತಿದ್ದ ನಮ್ಮವಳು ಹೊರಗೆ ಬಂದು, ಒಂದು ಮೊಳ ಕಾಕಡ ಅವಳ ಮುಡಿಗೆ ಇಟ್ಟು ಕಳಿಸಿದಳು. ಎಲ್ಲಾ ಜಗಳವನ್ನೂ ಅವಳು ಹೀಗೇ ಮುಗಿಸುತ್ತಾಳೆ. ಹೂ ಕಟ್ಟಿ ದೇವಸ್ಥಾನದ ಮುಂದೆ ಮಾರುವುದು ಅವಳ ಕಸುಬು. ಹೂ ಮುಟ್ಟಿದ ಕೈ ಗಾಳ ಮುಟ್ಟಿದರೆ ಮೀನು ಹತ್ತಿರ ಸುಳಿಯುವುದಿಲ್ಲ ಎಂದು ಮದುವೆಯಾದ ವರ್ಷವೇ ಅವಳಿಗೆ ಹೇಳಿಬಿಟ್ಟಿದ್ದೆ. ನಾನೇ ಹುಟ್ಟಿಸಿದ ಮಾತು. ಕೆರೆಯ ಹತ್ತಿರವಾದರೂ ಒಂದಿಷ್ಟು ಸ್ವಂತ ಜಾಗ ಬೇಡವೇ? ಅವಳು ಇಪ್ಪತ್ತೆಂಟು ವರ್ಷದಿಂದ ಏರಿ ಹತ್ತಿಲ್ಲ.

31-8-1981, ಸೋಮವಾರ

ಕಷ್ಟ. ಗಾಳವನ್ನು ಅಡಕತ್ತರಿಯಲ್ಲಿ ಕಚ್ಚಿಸಿ, ಅಡಕತ್ತರಿಯನ್ನು ತೊಡೆಯಲ್ಲಿ ಅದುಮಿಕೊಂಡು ಸುತ್ತುತ್ತೇನೆ. ಗರಿ ಹಿಡಿದರೆ ನೂಲು ಸಡಿಲ, ನೂಲು ಎಳೆದರೆ ಗರಿ ಹಾರಿಹೋಗುತ್ತದೆ. ನನ್ನ ಬೆರಳು ಬಾಳೆಕಾಯಿ ಗಾತ್ರ. ಗಂಟು ಹಾಕಿದ ಮೇಲೆ ನೋಡಿದರೆ ಗಡ್ಡದ ಮೂರು ಕೂದಲೂ ಅದರಲ್ಲಿ ಸೇರಿರುತ್ತವೆ.

ನಾಲ್ಕು ದಿನಕ್ಕೆ ಒಂದು ಹುಳ ಆಯಿತು. ಗಂಟು ನಿಲ್ಲಲಿ ಎಂದು ಜಾಲಿ ಅಂಟು ಬಳಿದು ಬಿಸಿಲಿಗಿಟ್ಟೆ. ಕಲ್ಲಿನ ಹಾಗೆ ಗಟ್ಟಿಯಾಯಿತು. ಓಬಳಯ್ಯನನ್ನು ಕರೆಸಿ, ಕೊಳದಪ್ಪಲೆಯಲ್ಲಿ ನೀರು ತರಿಸಿ, "ನೋಡ್ಲಾ, ಕುಣಿಗಲ್ಲೋನು ಇದ್ರ ಮುಂದೆ ಏನೂ ಅಲ್ಲ" ಎಂದು ಬಿಟ್ಟೆ.

ಜಾಲಿ ಅಂಟು ನೀರಿನಲ್ಲಿ ಕರಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ. ಗರಿ ಒಂದು ಕಡೆ, ಕೂದಲು ಒಂದು ಕಡೆ, ನೂಲು ಒಂದು ಕಡೆ ತೇಲಿತು. ಬರೀ ಗಾಳ ತಳಕ್ಕೆ ಹೋಗಿ ಕೂತಿತು.

"ಹುಳ ಸತ್ತೋಯ್ತಲ್ಲೋ ಮಾರ," ಎಂದು ಓಬಳಯ್ಯ ಟವಲು ತೆಗೆದು ಕಣ್ಣೊರೆಸಿಕೊಂಡ. "ತಿಥಿ ಯಾವತ್ತು?"

ಒಳಗಿನಿಂದಲೂ ಒಂದು ನಗೆ ಕೇಳಿದ ಹಾಗಾಯಿತು.

ಅಂಟಿಲ್ಲದೆ ಇನ್ನೊಂದು ಕಟ್ಟಿದೆ. ಒಂದು ಪಕ್ಕ ಉಬ್ಬಿದೆ, ಬೋಳು ಗುಬ್ಬಚ್ಚಿಯ ಹಾಗೆ ಕಾಣುತ್ತದೆ. ಗರಿ ಎಲ್ಲಾ ಕೆಳಗಡೆ, ಕೂದಲು ಮೇಲೆ. ಹಿತ್ತಿಲಿನ ಕಡೆ ಎಸೆದೆ.

6-9-1981, ಭಾನುವಾರ

ಅಕ್ಕ ಸಿದ್ದಲಕ್ಷ್ಮಮ್ಮ, ಗಂಗ ಇಬ್ಬರೂ ಬಂದಿದ್ದರು. ಅಕ್ಕ ರಾಗಿ ಹುರಿಹಿಟ್ಟು ತಂದಿದ್ದಳು, ಜೊತೆಗೆ ಈ ಮಾತನ್ನೂ.

"ಮಾರ, ನಿಂಗೆ ಈ ಸಲ ಆಗಾಕಿಲ್ಲ. ಅಪ್ಪನ ಎಡೆ ಮೀನ ಗಂಗ ಹಿಡ್ಕೊಡ್ತಾನೆ. ಮೊಮ್ಮಗ ತಾನೇ, ಅಪ್ಪನೂ ಖುಷಿ ಪಡ್ತಾನೆ."

"ನಮ್ಮನೇಲಿ ಮಗನೇ ಹಿಡಿಯೋದು," ಎಂದೆ.

"ಮಗ ಜಗಲಿ ಹಿಡ್ಕಂಡವ್ನಲ್ಲಪ್ಪ!"

ಗಂಗ ನಡುವೆ ಬಂದ. "ಮಾವ, ನಿಂಗೆ ಬ್ಯಾಜಾರಾದ್ರೆ ಬ್ಯಾಡ ಬುಡು. ನೀನು ಹೂಂ ಅಂದ್ರೆ ಹಿಡೀತೀನಿ, ಅಷ್ಟೇಯ."

ಅವನು ಸೊಕ್ಕಿನಿಂದ ಮಾತಾಡಿದ್ದರೆ ಬೈಯಬಹುದಿತ್ತು. ಇಷ್ಟು ಮೆದುವಾಗಿ ಮಾತಾಡುವವನನ್ನು ಏನು ಮಾಡುವುದು? ಅಪ್ಪ ನನಗೆ ಗಾಳ ಹಿಡಿಯಲು ಕಲಿಸಿದ್ದು ಆರು ವರ್ಷದವನಿದ್ದಾಗ. ಗಂಗ ಹುಟ್ಟುವಾಗ ಅಪ್ಪನಿಗೆ ಕಣ್ಣೇ ಮಂಜಾಗಿತ್ತು.

"ಹಬ್ಬದ ಹಿಂದಿನ ದಿನ ಭಾನುವಾರ ಬಾ," ಎಂದೆ. "ಇಬ್ರೂ ಹಾಕನ. ಯಾರಿಗೆ ಬೀಳುತ್ತೋ ಅವ್ರೇ ಎಡೆ ಮುಂದೆ ಹೇಳ್ಲಿ. ನಾನೂ ಗರಿಹುಳದಾಗೇ ಹಿಡೀತೀನಿ, ಅದೂ ನಾನೇ ಕಟ್ಟಿದ್ದರಾಗೆ."

ಗಂಗ ಕಣ್ಣರಳಿಸಿದ. "ಕಟ್ತಿದ್ದೀಯಾ ಮಾವ?"

"ಡಬ್ಬಿ ತುಂಬೈತೆ."

ಅವನು ಊಟಕ್ಕೆ ಒಳಗೆ ಹೋದಾಗ ಟೋಪಿ ಜಗಲಿಯ ಗೂಟದಲ್ಲಿತ್ತು. ಅದರ ಪಟ್ಟಿಯಲ್ಲಿ ಮೂರು ಹುಳಗಳಿದ್ದವು. ಹೊರಟಾಗ ಎರಡಿದ್ದವು.

7-9-1981

ಕದ್ದ ಹುಳವನ್ನು ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ಬಿಚ್ಚಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದುಕೊಂಡರೆ ಕಟ್ಟಲು ಬರುತ್ತದೆ ಎಂದು ನನ್ನ ಲೆಕ್ಕ. ಮೊದಲು ಬಾಲದ ಕೂದಲು, ಮೇಲೆ ಹಸಿರು ನೂಲಿನ ಹೊಟ್ಟೆ, ಕತ್ತಿಗೆ ಗರಿ. ಎಲ್ಲಾ ತಿಳಿಯಿತು. ತಿರುಗಿ ಕಟ್ಟಲು ಮಾತ್ರ ಬರಲಿಲ್ಲ. ಬೆಳಗ್ಗೆಯಿಂದ ಸಾಯಂಕಾಲದವರೆಗೆ ಕೂತೆ. ಬಿಚ್ಚಿದ ಕೋಳಿಯನ್ನು ತಿರುಗಿ ಕೋಳಿ ಮಾಡಿದ ಹಾಗೆ.

ತುಂಡುಗಳನ್ನು ಕಾಗದದಲ್ಲಿ ಹಾಕಿ ತಲೆದಿಂಬಿನ ಕೆಳಗಿಟ್ಟಿದ್ದೇನೆ. ಇಂಥ ಕೆಲಸ ಅಪ್ಪ ನೋಡಿದ್ದರೆ ಗಾಳದ ಕೋಲಿನಲ್ಲೇ ಬಾರಿಸುತ್ತಿದ್ದ.

8-9-1981, ಮಂಗಳವಾರ

ಬೆಳಗ್ಗೆ ರಂಗಣ್ಣ ಬಂದು ಕಟ್ಟು ಬಿಗಿ ಮಾಡಿ ಹೋದ. ಆಮೇಲೆ ಕಾಗದ ಬಿಚ್ಚಿದರೆ ತುಂಡುಗಳಿಲ್ಲ. ಹುಳ ಇದೆ! ಗಂಗನ ಟೋಪಿಯಲ್ಲಿದ್ದದ್ದಕ್ಕಿಂತ ಅಂದವಾಗಿದೆ. ಗರಿ ಸುತ್ತಲೂ ಒಂದೇ ಸಮನೆ ಬಿಚ್ಚಿಕೊಂಡಿದೆ, ಸಣ್ಣ ಸೇವಂತಿಗೆಯ ಹಾಗೆ. ಎಷ್ಟು ಜಗ್ಗಿದರೂ ಅಲುಗುವುದಿಲ್ಲ. ಮೂಗಿಗೆ ಹಿಡಿದೆ. ಹೂವಿನ ನಡುವೆ ಸೇರಿಸಿ ಕಟ್ಟುವ ಮರುಗದ ವಾಸನೆ.

ನಮ್ಮವಳು ಬಾಗಿಲ ಹತ್ತಿರ ಕೂತು ಕನಕಾಂಬರ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಇದ ಯಾರು ಮುಟ್ಟಿದ್ದು?"

"ಕಾಗ್ದ ಕೆಳಗೆ ಬಿದ್ದಿತ್ತು. ಬಿಚ್ಚೋಗಿತ್ತಲ್ಲ, ಕಟ್ಟಿಟ್ಟೆ."

"ಅಂಟು ಏನ್ ಹಾಕ್ದೆ?"

"ಹೂವಿಗೆ ಯಾರಾದ್ರೂ ಅಂಟು ಹಾಕ್ತಾರಾ?"

ನಾನು ಹನ್ನೆರಡು ದಿನ ಬೆವರು ಸುರಿಸಿದ್ದು. ಅವಳು ಅನ್ನಕ್ಕೆ ಎಸರಿಟ್ಟು, ಅದು ಕುದಿಯುವುದರೊಳಗೆ ಮುಗಿಸಿದಳಂತೆ. ಇಷ್ಟು ಸಿಟ್ಟು ನನಗೆ ಗಂಗನ ಮೇಲೂ ಬಂದಿರಲಿಲ್ಲ.

"ಹೂವಿನ ಕೈ ಮುಟ್ಟೈತೆ. ಇನ್ನು ಇದ್ಕೆ ಮೀನು ಬೀಳಾಕಿಲ್ಲ," ಎಂದೆ.

"ಬೀಳ್ದಿದ್ರೆ ಬುಡು," ಎಂದು ಅವಳು ನೂಲು ಕಚ್ಚಿ ತುಂಡು ಮಾಡಿದಳು.

13-9-1981, ಭಾನುವಾರ

ಗಂಗ ಬಂದ. ಹೂವಿನ ಕೈಗೆ ಮೀನು ಬೀಳುವುದಿಲ್ಲ ಎಂದು ಹೇಳಿ ಹೇಳಿ ನನಗೇ ನಂಬಿಕೆ ಬಂದಿತ್ತು, ಅದಕ್ಕೇ ಆ ಹುಳವನ್ನು ಅವನ ಕೈಗೆ ಕೊಟ್ಟೆ. "ನಾನು ಕಟ್ಟಿದ್ದು. ಹಾಕಿ ನೋಡು." ಮರುಗದ ವಾಸನೆಗೆ ಮೀನೆಲ್ಲ ಕೆರೆಯ ಆಚೆ ದಡಕ್ಕೆ ಓಡಲಿ, ನನ್ನ ಜಾಗದ ಮೇಲಿನ ಅವನ ಆಸೆಯೂ ಹೋಗಲಿ ಎಂದು ನನ್ನ ಉಪಾಯ. ಒಂದು ಹುಳದಲ್ಲಿ ಎರಡು ಮೀನು!

ಮೂರು ಗಂಟೆಗೆ ಓಡೋಡಿ ತಿರುಗಿ ಬಂದ. ಹಿಂದೆ ಓಬಳಯ್ಯ ಮೀನು ಹೊತ್ತುಕೊಂಡಿದ್ದ. ಮೊಳದ ಮೇಲೊಂದು ಗೇಣು ಉದ್ದ, ಹಾವಿನ ತಲೆಯಂಥ ತಲೆ, ಮೈಯೆಲ್ಲ ಪಾಚಿ ಬಣ್ಣ. ನಾನು ಹಿಡಿದ ಯಾವ ಕೊರವ ಮೀನೂ ಅಷ್ಟು ದೊಡ್ಡದಿರಲಿಲ್ಲ. ಇದನ್ನು ಡೈರಿಯ ಹೊರಗೆ ಎಲ್ಲಿಯೂ ಒಪ್ಪುವುದಿಲ್ಲ.

"ಮಾವ, ಏನ್ ಗಂಟು ಅದು! ನಾನು ಕಟ್ಟಿದ್ದು ಎರಡು ಮೀನು ಕಚ್ಚಿದ್ರೆ ಬಿಚ್ಕಂತದೆ. ಇದು ಕದಲ್ನೇ ಇಲ್ಲ. ಡಾಕ್ಟರಿಗೆ ತೋರಿಸ್ಬೇಕು. ಹ್ಯಾಗೆ ಕಟ್ದೆ ಹೇಳ್ಕೊಡು."

"ಅದು ಕೈ ಗುಣ ಕಣ್ಲಾ. ಹೇಳ್ಕೊಟ್ರೆ ಬರಾದಲ್ಲ."

ಓಬಳಯ್ಯ ಮೊದಲ ಸಲ ನನ್ನನ್ನು 'ಮಾರಯ್ಯನೋರು' ಎಂದ. ಕೇಳುವುದಕ್ಕೆ ಚೆನ್ನಾಗಿತ್ತು. ಅಷ್ಟರಲ್ಲಿ ನಮ್ಮವಳು ಒಳಗಿನಿಂದ ನೀರು ತಂದು ಗಂಗನಿಗೆ ಕೊಟ್ಟಳು. "ಎಷ್ಟುದ್ದ ಐತೆ, ಎತ್ತಿ ತೋರ್ಸಪ್ಪ," ಎಂದು ಮೀನಿನ ಮುಂದೆ ಕೂತು ಅದರ ಬಾಯಲ್ಲಿದ್ದ ಹುಳವನ್ನು ಬಗ್ಗಿ ಬಗ್ಗಿ ನೋಡಿದಳು. ಅವಳ ಮುಖ ಹೇಗಿತ್ತು ಎಂದರೆ, ಹೇಗೆ ಬರೆಯುವುದು, ಮದುವೆಯಲ್ಲಿ ನಾನು ತಾಳಿ ಕಟ್ಟಿದಾಗಲೂ ಅಷ್ಟು ಖುಷಿ ಇರಲಿಲ್ಲ. ಆದರೆ ತಾನು ಕಟ್ಟಿದ್ದೆಂದು ಒಂದು ಮಾತು ಆಡಲಿಲ್ಲ.

ಆಡಿದ್ದರೆ ವಾಸಿಯಾಗಿತ್ತು. ಜಗಳವಾದರೂ ಮಾಡಬಹುದಿತ್ತು.

14-9-1981

ನನಗೆ ಬಾರದ್ದು ಅವಳಿಗೆ ಬರುತ್ತದೆ ಎಂಬುದು ಊಟಕ್ಕೆ ಕೂತಾಗಲೂ ಗಂಟಲಲ್ಲಿ ಮುಳ್ಳಿನ ಹಾಗೆ ಇದೆ. ಮುದ್ದೆ ನುಂಗಿದರೂ ಹೋಗುತ್ತಿಲ್ಲ.

15-9-1981, ಮಂಗಳವಾರ

ಗುಟ್ಟು ಕದಿಯೋಣ ಎಂದು ಅವಳು ಹೂ ಕಟ್ಟುವುದನ್ನು ಓರೆಗಣ್ಣಿನಿಂದ ನೋಡುತ್ತಾ ಮಲಗಿದ್ದೆ. ಇಪ್ಪತ್ತೆಂಟು ವರ್ಷದಿಂದ ಕಣ್ಣ ಮುಂದೆ ನಡೆಯುತ್ತಿರುವ ಕೆಲಸ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನೂಲಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ. ಎಡಗೈಯಲ್ಲಿ ಎರಡು ಹೂವಿನ ತೊಟ್ಟು. ಬಲಗೈಯ ಎರಡು ಬೆರಳು ನೂಲನ್ನು ಕುಣಿಕೆ ಮಾಡಿ, ಮಗುಚಿ, ತೊಟ್ಟಿಗೆ ಹಾಕಿ ಎಳೆಯುತ್ತವೆ. ಗಂಟು ಹಾಕಲು ನೂಲಿನ ಇನ್ನೊಂದು ತುದಿ ಬೇಕೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ಜೋಡಿ.

"ಕತ್ತು ನೋಯ್ತದೆ, ನೆಟ್ಗೆ ತಿರುಗ್ಕಂಡು ನೋಡು," ಎಂದಳು. ಕೈ ನಿಲ್ಲಲಿಲ್ಲ.

ಸಿಕ್ಕಿಬಿದ್ದ ಮೇಲೆ ನಾಚಿಕೆ ಯಾಕೆ? "ತೋರ್ಸು ಮತ್ತೆ," ಎಂದೆ.

ಗಾಳದ ಮೊನೆಯನ್ನು ಬಾಳೆದಿಂಡಿನ ಚೂರಿಗೆ ಚುಚ್ಚಿ, ಆ ಚೂರನ್ನು ಕಾಲ್ಬೆರಳಲ್ಲಿ ಹಿಡಿದುಕೊಂಡಳು. ನನ್ನ ಅಡಕತ್ತರಿ ನೋಡಿ ನಕ್ಕಳು. ಗರಿಯ ಬುಡವನ್ನು ತೊಟ್ಟಿನ ಹಾಗೆ ಜೋಡಿಸಿ ಕುಣಿಕೆ ಹಾಕಿದಳು.

"ನೀನು ಬಿಗಿಯಾಗಿ ಎಳೀತೀಯ. ಎಳೀಬಾರ್ದು. ಕುಣಿಕೆ ತಾನಾಗೇ ಕೂತ್ಕಂಬೇಕು. ತೊಟ್ಟು ಮುರ್ದೋದ್ರೆ ಹೂವು ನಿಲ್ತದಾ?"

"ಮೂಟೆ ಬಾಯಿ ಕಟ್ಟಿದ ಕೈ ಕಣೇ ಇದು."

"ಮೂಟೆಗೆ ನೋವಾಗಾಕಿಲ್ಲ," ಎಂದಳು.

ನನ್ನ ಕೈ ಹಿಡಿದು ಎರಡು ಬೆರಳಿಗೆ ನೂಲು ಹಾಕಿ ಮಗುಚಿಸಿದಳು. ಹತ್ತು ಸಲ ತಪ್ಪಿತು. ಹನ್ನೊಂದನೆಯದು ಕೂತಿತು. ನಾನೇ ಮಾಡಿದ್ದು. ಅವಳು ಬರೀ ಬೆರಳು ಹಿಡಿದಿದ್ದಳು.

19-9-1981, ಶನಿವಾರ

ಗರಿ ಮುಗಿದಿದೆ, ಹುಂಜ ಹತ್ತಿರ ಬರುತ್ತಿಲ್ಲ. ಕೈ ಅಭ್ಯಾಸ ತಪ್ಪಬಾರದೆಂದು ಅವಳು ಮಾರಲು ಹೋದಾಗ ಬುಟ್ಟಿಯಲ್ಲಿ ಉಳಿದಿದ್ದ ಕಾಕಡ ತೆಗೆದುಕೊಂಡು ಎರಡು ಮೊಳ ಕಟ್ಟಿದೆ. ಬರೀ ಅಭ್ಯಾಸಕ್ಕೆ. ಓಬಳಯ್ಯ ನೋಡಿಬಿಟ್ಟ.

"ಏನ್ಲಾ, ಬಳೆ ಯಾವತ್ತು ತೊಡ್ತೀಯ?"

"ಹೋಗ್ಲಾ, ನಿನ್ ಹೆಂಡ್ತಿಗೆ ಒಂದು ಮೊಳ ತಕಂಡೋಗು. ನೀನು ಜೀವಮಾನದಾಗೆ ತಂದ್ಕೊಟ್ಟಿರಾಕಿಲ್ಲ."

ಹೋಗುವಾಗ ಅವನು ನಿಜವಾಗಿಯೂ ಒಂದು ಮೊಳ ತೆಗೆದುಕೊಂಡು ಹೋದ.

ರೇವಮ್ಮ ಬಂದು ಉಳಿದ ಮೊಳವನ್ನು ನೋಡಿದಳು. ಒಂದು ಕಡೆ ಒತ್ತು, ಒಂದು ಕಡೆ ಬಿಡಿ. ತಾನೇ ಮುಡಿದುಕೊಂಡಳು. ಮಾರುವ ಸರಕು ಅವಳು ಮುಡಿಯುವುದಿಲ್ಲ. ಇವತ್ತು ಯಾಕೋ ಮುಡಿದಳು.

23-9-1981, ಬುಧವಾರ

ದಬ್ಬೆ ಬಿಚ್ಚಿದರು. ಕಾಲು ಒಣಗಿದ ನುಗ್ಗೆಕಾಯಿಯಾಗಿದೆ. ಕೋಲು ಊರಿಕೊಂಡು ಜಗಲಿಯಿಂದ ಬೇವಿನ ಮರದವರೆಗೆ ಹೋಗಿ ಬಂದೆ.

ಡಬ್ಬಿಯಲ್ಲಿ ಈಗ ಮೂರು ಹುಳ. ಮೂರೂ ನನ್ನವೇ. ರೇವಮ್ಮನಿಗೆ ಇನ್ನು ಕಟ್ಟಬೇಡ ಎಂದಿದ್ದೇನೆ. ಅವಳು ಕಟ್ಟಿದ್ದರ ಪಕ್ಕದಲ್ಲಿ ಇಟ್ಟರೆ ನನ್ನವು ಸೋತು ಕಾಣುತ್ತವೆ.

27-9-1981, ಭಾನುವಾರ

ಗಂಗನ ಸೈಕಲ್ಲಿನ ಹಿಂದೆ ಕೂತು ಏರಿಗೆ ಹೋದೆ. ಓಬಳಯ್ಯ ಪಂಚಾಯ್ತಿ ಮಾಡಲು ಬಂದು ಕೂತ. ನನ್ನ ಜಾಗದಲ್ಲಿ ನಾನು, ಅರಳಿಮರದ ಕಡೆ ಗಂಗ.

ನನ್ನ ಮೊದಲ ಹುಳ ನೀರಿನ ಮೇಲೆ ಚೆನ್ನಾಗಿ ಕುಣಿಯಿತು. ಮೀನು ನೋಡಲೂ ಬರಲಿಲ್ಲ, ಕೊನೆಗೆ ನೆನೆದು ಬಿಚ್ಚಿಕೊಂಡಿತು. ಎರಡನೆಯದು ತಾವರೆ ದಂಟಿಗೆ ಸಿಕ್ಕಿ ಹರಿಯಿತು. ಮೂರನೆಯದಕ್ಕೆ ಒಂದು ಮೀನು ಎದ್ದಿತು. ಎದ್ದು, ನನ್ನ ಮುಖ ನೋಡಿದ ಹಾಗೆ ಮಾಡಿ, ಮುಳುಗಿತು. ಆಮೇಲೆ ಆ ಹುಳವೂ ಕಳೆಗೆ ಸಿಕ್ಕಿ ಹೋಯಿತು. ಹನ್ನೆರಡು ಗಂಟೆಗೆ ನನ್ನ ಡಬ್ಬಿ ಖಾಲಿ. ಗಂಗನಿಗೂ ಸಣ್ಣ ಪಕ್ಕೆ ಮೀನು ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ನಂದೊಂದು ತಕಾ ಮಾವ," ಎಂದ.

"ನಿನ್ ಹುಳದಾಗೆ ಹಿಡ್ದು ನನ್ನ ಮೀನು ಅಂತೀನೇನ್ಲಾ?"

ಆಗ ಏರಿಯ ಆ ತುದಿಯಿಂದ ರೇವಮ್ಮ ಬರುವುದು ಕಂಡಿತು. ತಲೆಯ ಮೇಲೆ ಬುತ್ತಿ. ತಲೆಯಲ್ಲಿ ಹೂವು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ನಾನೇ ಹಾಕಿದ ಕಟ್ಟಳೆಯನ್ನು ಜೋರಾಗಿ ಹೇಳಬೇಕೆಂದು ಬಾಯಿ ತೆರೆದೆ. ಹಸಿವಾಗಿತ್ತು, ಬುತ್ತಿ ಇಳಿಸಿಕೊಂಡೆ.

ಅವಳು ಕೆರೆಯನ್ನೇ ನೋಡುತ್ತಾ ನಿಂತಳು. "ಇಷ್ಟು ದೊಡ್ಡದಾ?" ಎಂದಳು. ಗುಬ್ಬಿಯವಳೇ, ಗುಬ್ಬಿ ಕೆರೆಯ ಈ ಮಗ್ಗುಲು ನೋಡಿಲ್ಲ. ನಾನು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಬುತ್ತಿಗೇ ಹಾಕಿದೆ. ಖಾರ ಹೆಚ್ಚಾಗಿತ್ತೋ ಏನೋ.

ನನ್ನ ಖಾಲಿ ಡಬ್ಬಿ ನೋಡಿದಳು. ಸೆರಗಿನ ಗಂಟು ಬಿಚ್ಚಿ, ಗಂಗ ನೋಡದ ಹಾಗೆ ಒಂದು ಹುಳವನ್ನು ನನ್ನ ಕೈಗಿಟ್ಟಳು. ಕಟ್ಟಬೇಡ ಎಂದಿದ್ದೆನಲ್ಲ! ಕಪ್ಪು ಗರಿ, ಹಳದಿ ನೂಲಿನ ಹೊಟ್ಟೆ. ಕೈ ಹೂವಿನ ಕೈ, ವಾಸನೆ ಮರುಗದ ವಾಸನೆ.

ಎರಡನೇ ಸಲ ಹಾಕಿದಾಗಲೇ ನೀರು ಒಡೆಯಿತು. ಕೋಲು ಬಿಲ್ಲಾಯಿತು. ಕುಂಟು ಕಾಲು ಮರೆತು ಎದ್ದು ನಿಂತೆ. ರೇವಮ್ಮ ಹಿಂದಿನಿಂದ ನನ್ನ ಸೊಂಟದ ಟವಲು ಹಿಡಿದುಕೊಂಡಳು, ಇಲ್ಲದಿದ್ದರೆ ಈ ಸಲ ಮೀನು ನಿಜವಾಗಿಯೂ ನನ್ನನ್ನು ಕೆಡವುತ್ತಿತ್ತು. ದಡಕ್ಕೆ ಬಂದಾಗ ನೋಡಿದರೆ ಒಳ್ಳೆಯ ಕೊರವ ಮೀನು. ಎಡೆಗೂ ಸಾಕು, ಎಂಟು ಜನಕ್ಕೂ ಸಾಕು.

ಗಂಗ ಓಡಿ ಬಂದ. "ಯಾವ ಹುಳ ಮಾವ? ಇನ್ನೊಂದಿತ್ತಾ?"

"ನಂದೇ. ಕೊನೇಗೆ ಅಂತ ಇಟ್ಕಂಡಿದ್ದೆ."

ಓಬಳಯ್ಯ ಚಪ್ಪಾಳೆ ತಟ್ಟಿದ. ಗಂಗ ಮುಂದೆ ಬಗ್ಗಿ ನನ್ನ ಕಾಲು ಮುಟ್ಟಿದ, ಮುರಿದಿದ್ದ ಕಾಲನ್ನೇ. ರೇವಮ್ಮ ಬುತ್ತಿಯ ಬಟ್ಟೆ ಮಡಿಸಿಕೊಂಡು, ಬಂದ ದಾರಿಯಲ್ಲಿ ಏರಿಯ ಮೇಲೆ ಹೊರಟಳು. ಒಂದು ಸಲ ನಿಂತು ಕೆರೆ ನೋಡಿದಳು. ಮತ್ತೆ ಹೊರಟಳು.

ಗೆದ್ದಿದ್ದೇನೆ. ಯಾಕೋ ಖುಷಿ ಬರುತ್ತಿಲ್ಲ. ಸೈಕಲ್ಲಿನಲ್ಲಿ ಕೂತು ಸೊಂಟ ಹಿಡಿದಿದೆ, ಅದಕ್ಕೇ ಇರಬೇಕು.

28-9-1981, ಸೋಮವಾರ. ಪಕ್ಷದ ಹಬ್ಬ

ನಡುಮನೆಯಲ್ಲಿ ಕಳಸ ಇಟ್ಟು, ಅಪ್ಪನ ಹೆಸರಿನ ಹೊಸ ಪಂಚೆ ಇಟ್ಟು, ರೇವಮ್ಮ ಕಳಸಕ್ಕೆ ಹಾರ ಹಾಕಿದ್ದಳು. ಬಾಳೆ ಎಲೆಯ ಮೇಲೆ ಮುದ್ದೆ, ಅನ್ನ, ವಡೆ, ನಡುವೆ ಮೀನಿನ ಸಾರು. ಅಪ್ಪನಿಗೆ ಒಂದು ಕಟ್ಟು ಬೀಡಿ. ಅಕ್ಕ ಸಾಂಬ್ರಾಣಿ ಹಾಕಿದಳು. ಗಂಗ, ಓಬಳಯ್ಯ, ವನಜಮ್ಮ ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದರು. ರೇವಮ್ಮ ಎಲ್ಲರ ಹಿಂದೆ, ಅಡಿಗೆಮನೆಯ ಹೊಸ್ತಿಲ ಮೇಲೆ, ಕೈ ಒರೆಸಿಕೊಳ್ಳುತ್ತಾ.

"ಹೇಳಪ್ಪ ಮಾರ," ಎಂದಳು ಅಕ್ಕ.

ನಾನು ಕೋಲು ಊರಿ ನಿಂತು, ಹನ್ನೆರಡು ವರ್ಷ ಹೇಳಿದ ಮಾತನ್ನು ಹೇಳಲು ಬಾಯಿ ತೆರೆದೆ. "ಅಪ್ಪಾ, ನಿನ್ ಮಗ ಹಿಡ್ದಿರೋ ಮೀನು..." ಅಲ್ಲಿಗೆ ನಿಂತುಹೋಯಿತು. ಹೊಗೆ ಗಂಟಲಿಗೆ ಹೋಗಿತ್ತು. ಸತ್ತವರ ಮುಂದೆ ಸುಳ್ಳು ಹೇಳಿದರೆ ಎಡೆ ಮುಟ್ಟುವುದಿಲ್ಲ ಎನ್ನುತ್ತಾರೆ, ಅದೂ ನೆನಪಾಯಿತು. ಬಾಯಿ ತಾನೇ ಮುಂದಕ್ಕೆ ಹೋಯಿತು.

"...ಮೀನು ಬಿದ್ದಿದ್ದು ನಿನ್ ಸೊಸೆ ಕಟ್ಟಿದ್ ಹುಳಕ್ಕೆ. ಅವತ್ತು ಗಂಗನ್ ಕೈಗೆ ಬಿದ್ದ ದೊಡ್ಡದೂ ಅವಳ್ದೇಯ. ಹೂವಿನ್ ಗಂಟು. ನಂಗೆ ಇನ್ನೂ ಸರಿಯಾಗಿ ಬರಾಕಿಲ್ಲ. ಉಣ್ಣಪ್ಪ."

ಮೊದಲು ಗಂಗನ ನಗು ಕೇಳಿತು. "ಅತ್ತೇ! ನೀನಾ?" ಓಬಳಯ್ಯ, "ಹಂಗಾದ್ರೆ ಮಾರಯ್ಯನೋರು ಅಂದಿದ್ದು ವಾಪಸ್ಸು,"  ಎಂದ. ನಾನು ತಿರುಗಿ ನೋಡಲಿಲ್ಲ. ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಗಂಗ ಸೀದಾ ಅವಳ ಮುಂದೆ ಹೋಗಿ ಕೂತು, ಟೋಪಿಯಿಂದ ಹುಳ ಬಿಚ್ಚಿ, "ಇದ್ರಾಗೆ ಎಲ್ಲಿ ತಪ್ಪೈತೆ ಹೇಳು ಅತ್ತೆ," ಎಂದ. ಅವಳು ನೋಡಿ ಹೇಳುತ್ತಿದ್ದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಅವಳಿಗೆ ಈಗ ಶಿಷ್ಯ ಸಿಕ್ಕಿದ್ದಾನೆ. ಮೊದಲ ಶಿಷ್ಯ ನಾನು, ಅದನ್ನು ಯಾರೂ ಕೇಳಲಿಲ್ಲ. ಗಂಟಲಿನ ಮುಳ್ಳು ಇನ್ನೂ ಅಲ್ಲೇ ಇದೆ, ಸ್ವಲ್ಪ ಸಣ್ಣದಾಗಿದೆ.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆದೆವು. ಮಗ ಮೊದಲು ಅಡ್ಡ ಬೀಳಬೇಕು. ಕಾಲು ಮಡಚಲಾಗದೆ ಕಷ್ಟಪಟ್ಟು ಬಗ್ಗಿದಾಗ ಕಳಸದ ಹಾರ ಕಣ್ಣಿನ ಹತ್ತಿರಕ್ಕೆ ಬಂತು. ಸೇವಂತಿಗೆ, ಕನಕಾಂಬರ, ನಡುವೆ ಮರುಗ. ಸರಿಯಾಗಿ ಮಧ್ಯದಲ್ಲಿ, ಹೂವಿನ ಜೊತೆ ಹೂವಾಗಿ, ಮೊನೆಗೆ ಬಾಳೆದಿಂಡಿನ ಚೂರು ಚುಚ್ಚಿದ ಒಂದು ಗರಿಹುಳ. ಒಂದು ಪಕ್ಕ ಉಬ್ಬಿ, ಗರಿ ಎಲ್ಲಾ ಕೆಳಗಡೆ, ಕೂದಲು ಮೇಲೆ, ಬೋಳು ಗುಬ್ಬಚ್ಚಿಯ ಹಾಗೆ.

ಹಿತ್ತಿಲಿನಲ್ಲಿ ಎಸೆದದ್ದು. ತಿಂಗಳ ಹಿಂದೆ.

ನಾನು ಬಾಯಿ ತೆರೆಯುವ ಮುಂಚೆಯೇ ಹಾರ ಕಟ್ಟಿ ಆಗಿತ್ತು.

ಏಳುವುದಕ್ಕೆ ತಡವಾಯಿತು. ಅಕ್ಕ, "ಕಾಲು ನೋಯ್ತದಾ ಮಾರ?" ಎಂದಳು. ಹೂಂ ಎಂದೆ.

ನಾಳೆ ತುಮಕೂರಿಗೆ ಯಾರಾದರೂ ಹೋದರೆ ಒಳ್ಳೆಯ ಹೂವಿನ ನೂಲು ತರಿಸಬೇಕು. ಎರಡು ಉಂಡೆ.